ಒಂದು ಅಡಿಯ ವಾಟ

ಹಳೆಯ ಮನೆಯನ್ನು ನವೀಕರಿಸಲು ಹೊರಟವರು ಸಾಮಾನ್ಯವಾಗಿ ಮುಂಬಾಗಿಲಿನಿಂದ ಯೋಚಿಸಲು ಆರಂಭಿಸುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಬಾಗಿಲಿಗೆ ತೇಗವೋ ಹೊನ್ನೆಯೋ, ನಡುಮನೆಯ ಗೋಡೆಗೆ ಯಾವ ಬಣ್ಣ, ಅಡುಗೆಮನೆಯ ಕಟ್ಟೆಗೆ ಕಪ್ಪು ಗ್ರಾನೈಟೇ ಆದೀತೇ ಎಂದು ತಿಂಗಳುಗಟ್ಟಲೆ ಚರ್ಚಿಸಿ, ಚೌಕುಳಿ ಹಾಳೆಯ ಮೇಲೆ ಎಂಟು ಹತ್ತು ನಕ್ಷೆಗಳನ್ನು ಬರೆದು, ಕೊನೆಗೆ ಎಲ್ಲರೂ ಒಪ್ಪಿದ ಒಂದನ್ನು ಕೈಯಲ್ಲಿ ಹಿಡಿದು ಪ್ಲಂಬರನ್ನು ಬರಹೇಳಿದೆವು. ಅವರು ನಕ್ಷೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಮನೆಯೊಳಕ್ಕೆ ಕಾಲನ್ನೂ ಇಡದೆ, ಗೇಟಿನಿಂದ ಆಚೆ ಹೋಗಿ ರಸ್ತೆಯಂಚಿನ ಒಳಚರಂಡಿ ಚೇಂಬರಿನ ಮುಚ್ಚಳವನ್ನು ಹಾರೆಯಿಂದ ಮೀಟಿ, ಅದರ ಬಾಯಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು. "ಮೊದಲು ಇದರ ಆಳ ನೋಡೋಣ ಸಾರ್. ಒಳಗಡೆ ಏನು ಎಲ್ಲಿ ಬರಬೇಕು ಅನ್ನೋದನ್ನ ಇದೇ ಹೇಳುತ್ತೆ" ಎಂದರು.

ಬೆಂಗಳೂರಿನ ಹನುಮಂತನಗರದ ಈ ಮನೆಯನ್ನು ನಮ್ಮ ತಂದೆ ಕಟ್ಟಿಸಿದ್ದು 1978ರಲ್ಲಿ. ನಲವತ್ತಕ್ಕೆ ಅರವತ್ತರ ನಿವೇಶನ, ಪಶ್ಚಿಮಕ್ಕೆ ರಸ್ತೆ. ನವೀಕರಣದ ನಿಜವಾದ ಕಾರಣ ತೇಗವೂ ಅಲ್ಲ, ಗ್ರಾನೈಟೂ ಅಲ್ಲ, ಅಮ್ಮನ ಮಂಡಿ. ಅಮ್ಮನ ಕೋಣೆ ಹಿತ್ತಲಿನ ಕಡೆಗಿದೆ, ಬಚ್ಚಲುಮನೆ ಮನೆಯ ಇನ್ನೊಂದು ಬದಿಗಿದೆ, ನಡುವೆ ಎರಡು ಹೊಸ್ತಿಲುಗಳಿವೆ. ರಾತ್ರಿ ಎರಡು ಸಲ ಎದ್ದು ಅಷ್ಟು ದೂರ ನಡೆಯುವುದು ಎಂಬತ್ತು ದಾಟಿದವರಿಗೆ ಆಗದ ಮಾತು. ಆದ್ದರಿಂದ ಅಮ್ಮನ ಕೋಣೆಗೆ ಅಂಟಿಕೊಂಡಂತೆ ಒಂದು ಬಚ್ಚಲು, ಅದಕ್ಕೆ ಮೆಟ್ಟಿಲೂ ಇರಕೂಡದು, ಹೊಸ್ತಿಲೂ ಇರಕೂಡದು. ಕಾಗದದ ಮೇಲೆ ಇದಕ್ಕೆ ತಗುಲಿದ್ದು ನಾಲ್ಕು ಗೆರೆ ಮತ್ತು ಒಂದು ರಬ್ಬರು.

ಮಂಚವನ್ನು ಯಾವ ಗೋಡೆಗಾದರೂ ಸರಿಸಬಹುದು. ದೀಪದ ತಂತಿಯನ್ನು ಮೇಲಕ್ಕೂ ಕೆಳಕ್ಕೂ ಎಳೆಯಬಹುದು. ಕುಡಿಯುವ ನೀರಿನ ಕೊಳವೆಯೂ ಒತ್ತಡದಲ್ಲಿ ಹರಿಯುವುದರಿಂದ ಹೇಳಿದ ಕಡೆಗೆ ತಿರುಗುತ್ತದೆ. ಬಳಸಿದ ನೀರು ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಅದಕ್ಕೆ ಗೊತ್ತಿರುವುದು ಇಳಿಯುವುದೊಂದೇ. ಇಳಿಯುವುದಕ್ಕೆ ಬೇಕಾದ ಓರೆಯನ್ನು ನಮ್ಮ ಗಾರೆಯವರು 'ವಾಟ' ಎನ್ನುತ್ತಾರೆ. ನೆಲಕ್ಕೆ ವಾಟ ಕೊಡಬೇಕು, ತಾರಸಿಗೆ ವಾಟ ಬಿಡಬೇಕು, ಪೈಪಿಗೆ ವಾಟ ಸಾಲದು ಎಂದು ದಿನಕ್ಕೆ ನೂರು ಸಲ ಕೇಳಿಬರುವ ಈ ಪದ ನನ್ನ ವಿದ್ಯಾವಂತ ಮಿತ್ರರ ಬಾಯಲ್ಲಿ 'ಸ್ಲೋಪು' ಆಗಿಬಿಟ್ಟಿದೆ. ನನಗೆ ಮಾತ್ರ ವಾಟ ಎಂಬ ಮಾತಿನಲ್ಲಿಯೇ ನೀರು ಜಾರಿದಂತೆ ಕೇಳಿಸುತ್ತದೆ.

ಚೇಂಬರಿನಲ್ಲಿ ಪೈಪಿನ ತಳದಿಂದ ಅಮ್ಮನ ಕೋಣೆಯ ನೆಲದವರೆಗಿನ ಎತ್ತರವನ್ನು ಅಳೆಯಲು ಪ್ಲಂಬರು ಬಳಸಿದ್ದು ನೀರು ತುಂಬಿದ ಪಾರದರ್ಶಕ ಟ್ಯೂಬನ್ನು. ಒಂದು ತುದಿಯನ್ನು ಅವರ ಹುಡುಗ ರಸ್ತೆಯಲ್ಲಿ ಹಿಡಿದುಕೊಂಡ. ಇನ್ನೊಂದನ್ನು ನಾನು ಹಿಂದಿನ ಕೋಣೆಯ ಗೋಡೆಗೆ ಒತ್ತಿ ಹಿಡಿದೆ. ಒಳಗೆ ಒಂದು ಗುಳ್ಳೆಯೂ ಇರದಂತೆ ಬೆರಳಿನಿಂದ ತಟ್ಟಿ ತಟ್ಟಿ ಹೊರಡಿಸಿದ ಮೇಲೆ, ಎರಡೂ ತುದಿಗಳಲ್ಲಿ ನೀರು ಸ್ವಲ್ಪ ಹೊತ್ತು ಮೇಲೆ ಕೆಳಗೆ ತೂಗಿ, ಒಂದೇ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿ ಪೆನ್ಸಿಲಿನ ಗೆರೆ, ಇಲ್ಲಿ ಪೆನ್ಸಿಲಿನ ಗೆರೆ. ಲೆಕ್ಕ ಸಿಕ್ಕಿತು: 30 ಇಂಚು.

ಅಷ್ಟೇ ನಮ್ಮ ಆಸ್ತಿ. ಬಚ್ಚಲಿನ ನೀರು ಮೊದಲು ಇಳಿಯುವ ನೆಲದಡಿಯ ಬಾಗು ಕೊಳವೆ, ಅಂದರೆ ನಾನಿ ಟ್ರ್ಯಾಪು, ಅದರ ಬೆಂಡು, ಮೇಲಿನ ಕಾಂಕ್ರೀಟು ಮತ್ತು ಟೈಲ್ಸು ಎಲ್ಲ ಸೇರಿ 16 ಇಂಚನ್ನು ನುಂಗಿದವು. ಉಳಿದದ್ದು 14. ಬಚ್ಚಲಿನಿಂದ ರಸ್ತೆಯ ಚೇಂಬರಿಗೆ 60 ಅಡಿ ದೂರ. ನಾಲ್ಕು ಇಂಚಿನ ಪೈಪಿಗೆ ನಲವತ್ತಕ್ಕೆ ಒಂದರಂತೆ ವಾಟ ಕೊಟ್ಟರೆ ನೆಮ್ಮದಿ, ಅರವತ್ತಕ್ಕೆ ಒಂದಕ್ಕಿಂತ ಕಡಿಮೆ ಮಾಡಬಾರದು ಎನ್ನುವುದು ಪ್ಲಂಬರ ನಿಯಮ. ಮೊದಲನೆಯದಕ್ಕೆ 18 ಇಂಚು ಬೇಕು, ಎರಡನೆಯದಕ್ಕೆ 12. ಹದಿನೆಂಟು ಇಂಚಿನ ನೆಮ್ಮದಿ ಬೇಕಿದ್ದರೆ ಬಚ್ಚಲಿನ ನೆಲವನ್ನು ನಾಲ್ಕು ಇಂಚು ಎತ್ತರಿಸಬೇಕು. ಎತ್ತರಿಸಿದರೆ ಅಮ್ಮನಿಗೆ ಒಂದು ಮೆಟ್ಟಿಲಾಗುತ್ತದೆ. ಪ್ಲಂಬರು ಮೆಟ್ಟಿಲಿನ ಪರ ವಾದಿಸಿದರು. ಅವರ ಭಯವೂ ನ್ಯಾಯವಾದದ್ದೇ. ಕೊಳಚೆ ನೀರು ಸೆಕೆಂಡಿಗೆ ಸುಮಾರು 0.75 ಮೀಟರು ವೇಗದಲ್ಲಿ ಹರಿದರೆ ತನ್ನ ಕಸವನ್ನು ತಾನೇ ಹೊತ್ತೊಯ್ಯುತ್ತದೆ. ಅದಕ್ಕಿಂತ ನಿಧಾನವಾದರೆ ಗಟ್ಟಿಯಾದದ್ದೆಲ್ಲ ದಾರಿಯಲ್ಲಿಯೇ ಬೀಡುಬಿಡುತ್ತದೆ. ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಅಮ್ಮ, "ನೀರು ಸ್ವಲ್ಪ ನಿಧಾನವಾಗಿ ಹೋಗಲಪ್ಪ, ನಾನೂ ನಿಧಾನವಾಗಿಯೇ ಹೋಗುವವಳು" ಎಂದರು. ವಾಟ ಒಂದು ಅಡಿಗೆ ನಿಶ್ಚಯವಾಯಿತು. ಕೈಯಲ್ಲಿ ಉಳಿದ ಎರಡು ಇಂಚನ್ನು ದಾರಿಯ ನಡುವಿನ ಎರಡು ಚೇಂಬರುಗಳಿಗೆ ಒಂದೊಂದರಂತೆ ಹಂಚಿದೆವು. ನಾನು ಜೀವಮಾನದಲ್ಲಿ ಇಷ್ಟು ಜಾಗ್ರತೆಯಿಂದ ಏನನ್ನೂ ಪಾಲು ಮಾಡಿದ್ದಿಲ್ಲ.

ಈ ನಡುವೆ ವಾಸ್ತು ಬಲ್ಲ ಬಂಧುವೊಬ್ಬರು ಬಂದು, ಮನೆಯ ನೀರು ಈಶಾನ್ಯದ ಕಡೆಗೆ ಹರಿದು ಹೋದರೆ ಶ್ರೇಯಸ್ಸು ಎಂದು ಸೂಚಿಸಿದರು. ಈಶಾನ್ಯಕ್ಕೆ ಪಕ್ಕದ ಮನೆಯವರ ಅಡುಗೆಮನೆ ಇದೆ. ಅಷ್ಟೇ ಅಲ್ಲ, ಊರಿನ ಈ ಭಾಗದ ನೀರೆಲ್ಲ ವೃಷಭಾವತಿಯ ಕಣಿವೆಗೆ ಇಳಿದು ನೈರುತ್ಯದತ್ತ ಸಾಗುತ್ತದೆ. ಅದನ್ನು ತಿರುಗಿಸುವುದು ನನ್ನಿಂದಾಗುವ ಕೆಲಸವಲ್ಲ ಎಂದು ಕಾಫಿ ಕೊಟ್ಟು ವಿನಯದಿಂದ ತಿಳಿಸಿದೆ.

ಹಳೆಯ ಸಾಲನ್ನು ಅಗೆದಾಗ ಹೊಳಪಿನ ಕಂದು ಬಣ್ಣದ ಸ್ಟೋನ್‌ವೇರ್ ಕೊಳವೆಗಳು ಕಾಣಿಸಿಕೊಂಡವು. ಆ ಕಾಲದಲ್ಲಿ ಎರಡೆರಡು ಅಡಿಯ ತುಂಡುಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಕೂರಿಸಿ, ಸಂದಿಗೆ ಸಣಬು ತುರುಕಿ ಸಿಮೆಂಟು ಮೆತ್ತುತ್ತಿದ್ದರು. ಕೊಳವೆಗೆ ನಾಲ್ಕೂವರೆ ದಶಕಗಳಲ್ಲಿ ಏನೂ ಆಗಿರಲಿಲ್ಲ. ಸಂದಿಯ ಸಿಮೆಂಟು ಮಾತ್ರ ಕೂದಲೆಳೆಯಷ್ಟು ಬಿರುಕುಬಿಟ್ಟಿತ್ತು. ಆ ಬಿರುಕಿನಿಂದ ಕಾಂಪೌಂಡಿನ ಪಕ್ಕದ ಸಂಪಿಗೆಯ ಬೇರೊಂದು ಒಳಹೊಕ್ಕು, ಒಳಗಿನ ಸಮೃದ್ಧಿಯನ್ನು ಕಂಡು ಸಾವಿರವಾಗಿ ಕವಲೊಡೆದಿತ್ತು. ಪ್ಲಂಬರ ಹುಡುಗ ಕೈಹಾಕಿ ಎಳೆದಾಗ ಹೊರಬಂದದ್ದು ತೋಳಿನಷ್ಟು ದಪ್ಪನೆಯ, ಕೊಳವೆಯ ಆಕಾರವನ್ನೇ ತಳೆದಿದ್ದ, ಒದ್ದೆ ಜಡೆಯಂತಹ ಬೇರಿನ ಕಂತೆ; ಅದರ ನಡುವೆ ನನ್ನ ಮಗಳು ಬಾಲ್ಯದಲ್ಲಿ ಕಳೆದುಕೊಂಡಿದ್ದ ಕೆಂಪು ಪ್ಲಾಸ್ಟಿಕ್ಕಿನ ಬಳೆಯೊಂದು ಸಿಕ್ಕಿಕೊಂಡಿತ್ತು. ಬೀದಿಯಲ್ಲೆಲ್ಲ ನಮ್ಮ ಸಂಪಿಗೆ ಅಷ್ಟೊಂದು ಹೂ ಬಿಡುತ್ತದೆಂದು ಹೊಗಳಿಸಿಕೊಂಡಿದ್ದರ ಗುಟ್ಟು ತಿಳಿಯಿತು. ದಿನವೂ ಆ ಹೂವನ್ನೇ ದೇವರಿಗೆ ಏರಿಸುವ ಅಮ್ಮನಿಗೆ ಈ ವಿಷಯವನ್ನು ಇದುವರೆಗೆ ಹೇಳಿಲ್ಲ.

ಟ್ರ್ಯಾಪಿನ ವಿಷಯದಲ್ಲಿ ಮಾತ್ರ ನನಗೆ ಭಕ್ತಿಯೇ ಹುಟ್ಟಿತು. ಬಾಗಿದ ಒಂದು ಕೊಳವೆ, ಅದರ ಹೊಟ್ಟೆಯಲ್ಲಿ ಸದಾ ನಿಂತಿರುವ ಎರಡು ಇಂಚು ನೀರು; ಇಡೀ ನಗರದ ದುರ್ನಾತಕ್ಕೂ ನಮ್ಮ ಮೂಗಿಗೂ ನಡುವೆ ಇರುವುದು ಇಷ್ಟೇ. 1775ರಲ್ಲಿ ಇಂತಹ ಬಾಗು ಕೊಳವೆಯುಳ್ಳ ಶೌಚದ ಬೋಗುಣಿಗೆ ಪೇಟೆಂಟು ಪಡೆದ ಅಲೆಗ್ಸಾಂಡರ್ ಕಮಿಂಗ್ ವೃತ್ತಿಯಿಂದ ಗಡಿಯಾರ ಮಾಡುವವನು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಬಂದಾಗ ಮುಚ್ಚಿದ ಬಚ್ಚಲಿನಿಂದ ವಾಸನೆ ಹೊಡೆಯುತ್ತಿದ್ದುದಕ್ಕೆ ನಾವು ವರ್ಷಗಟ್ಟಲೆ ಇಲಿ ಸತ್ತಿರಬೇಕೆಂದು ಹುಡುಕಿದ್ದೇವೆ. ಸತ್ತದ್ದು ಇಲಿಯಲ್ಲ, ಟ್ರ್ಯಾಪಿನ ನೀರು ಆರಿಹೋಗಿತ್ತು. ಒಂದು ಚೊಂಬು ನೀರು ಸುರಿದಿದ್ದರೆ ಸಾಕಿತ್ತು. ನೀರು ಆರದೆಯೂ ಮಾಯವಾಗಬಲ್ಲದು ಎಂಬುದನ್ನು ಪ್ಲಂಬರು ಕಣ್ಣೆದುರೇ ತೋರಿಸಿದರು. ಮಹಡಿಯ ಕಮೋಡನ್ನು ಫ್ಲಶ್ ಮಾಡಿಸಿ, ಕೆಳಗಿನ ಹಳೆಯ ಬಚ್ಚಲಿನ ನಾನಿ ಟ್ರ್ಯಾಪಿನ ಮೇಲೆ ಟಾರ್ಚು ಹಿಡಿದು ನೋಡಿರೆಂದರು. ಮೇಲಿನಿಂದ ರಭಸವಾಗಿ ಇಳಿದ ನೀರು ಕೊಳವೆಯಲ್ಲಿದ್ದ ಗಾಳಿಯನ್ನು ತನ್ನೊಡನೆ ಎಳೆದೊಯ್ದಾಗ, ಟ್ರ್ಯಾಪಿನಲ್ಲಿ ಸುಮ್ಮನೆ ನಿಂತಿದ್ದ ನೀರು ಒಮ್ಮೆ ನಡುಗಿ, 'ಗುಳುಕ್' ಎಂದು ಗುಟುಕರಿಸಿ, ಒಳಕ್ಕೆ ಸೇದಿಹೋಯಿತು. ಬಾಲ್ಯದಲ್ಲಿ ನಮ್ಮನ್ನು ನಡುರಾತ್ರಿಯಲ್ಲಿ ಹೆದರಿಸುತ್ತಿದ್ದ ಸದ್ದು ಅದೇ. ತಾರಸಿಯಿಂದ ಮೇಲಕ್ಕೆ ಒಂದು ಗಾಳಿಕೊಳವೆಯನ್ನು ಎಬ್ಬಿಸಿ ತಲೆಗೆ ಟೊಪ್ಪಿಗೆ ಹಾಕಿದ ದಿನದಿಂದ ಆ ಭೂತ ಸುಮ್ಮನಾಗಿದೆ.

ತಾರಸಿಯ ಮಳೆನೀರಿನ ಕೊಳವೆಯನ್ನು ತಂದೆಯವರು ಒಳಚರಂಡಿಗೇ ಸೇರಿಸಿಬಿಟ್ಟಿದ್ದರು. ಆ ಕಾಲಕ್ಕೆ ಅದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ. ಮನೆ ಮನೆಯ ಮಳೆ ಹೀಗೆ ಒಳಚರಂಡಿಗೆ ಇಳಿದಾಗ ಮ್ಯಾನ್‌ಹೋಲುಗಳು ಬಾಯಿಬಿಟ್ಟು ಉಕ್ಕುವುದನ್ನು ಪ್ರತಿ ಮಳೆಗಾಲದಲ್ಲಿಯೂ ನೋಡುತ್ತೇವೆ. ಬೆಂಗಳೂರು ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯ ಪ್ರಕಾರ ನಮ್ಮಂತಹ 2400 ಚದರಡಿ ನಿವೇಶನದ ಹಳೆಯ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಬಹಳ ತಡವಾಗಿ ಆ ಕೊಳವೆಯನ್ನು ಕತ್ತರಿಸಿ ಇಂಗುಗುಂಡಿಗೆ ತಿರುಗಿಸಿದೆ.

ಪೈಪು ಜೋಡಿಸುತ್ತಿದ್ದ ದಿನಗಳಲ್ಲಿ ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ನಾನು ಇನ್ನೊಂದು ಲೆಕ್ಕ ಹಾಕುತ್ತಿದ್ದೆ. ನಮ್ಮ ನಲ್ಲಿಗೆ ಬರುವ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಹಂತಹಂತವಾಗಿ ಪಂಪು ಮಾಡಿ ತರುತ್ತಾರೆ; 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತದ ನೀರು ಬಂದಂದಿನಿಂದ ಈ ಏರಾಟ ನಡೆದೇ ಇದೆ. ಅದೇ ನೀರು ಅಮ್ಮನ ಪಾದ ತೊಳೆದು ನಾನಿ ಟ್ರ್ಯಾಪಿಗೆ ಇಳಿದ ಮೇಲೆ ವೃಷಭಾವತಿಯನ್ನು ಸೇರಿ, ಬೈರಮಂಗಲದ ಕೆರೆಯನ್ನು ಹಾದು, ಅರ್ಕಾವತಿಗೆ ಕೂಡಿ, ಕನಕಪುರದಾಚೆಯ ಸಂಗಮದಲ್ಲಿ ಮತ್ತೆ ಕಾವೇರಿಯಾಗುತ್ತದೆ. ಆ ಕಾವೇರಿ ಯಾವ ಬಣ್ಣದ್ದಾಗಿರುತ್ತದೆ ಎಂಬುದು ಬೇರೆ ಮಾತು, ನಾಚಿಕೆಯ ಮಾತು. ಅದು ಇಳಿಯಬೇಕಾದ ಆ 500 ಮೀಟರುಗಳಲ್ಲಿ ಮೊದಲನೆಯ ಒಂದು ಅಡಿಗಾಗಿ ನಾವು ಇಷ್ಟು ದಿನ ಹೆಣಗಿದ್ದೆವು.

ಕೊಳವೆ ಸಾಲನ್ನು ಮುಚ್ಚುವ ಮೊದಲು ಟೇಪು ಹಿಡಿದು ಎಲ್ಲದರ ಛಾಯಾಚಿತ್ರ ತೆಗೆದುಕೊಂಡೆ. ಗೋಡೆಯಿಂದ ಎಷ್ಟು ಅಡಿ, ನೆಲದಿಂದ ಎಷ್ಟು ಇಂಚು ಎಂದು ಒಂದು ಹಾಳೆಯಲ್ಲಿ ಬರೆದು ಮನೆಪತ್ರದ ಕಡತದಲ್ಲಿಯೇ ಇಟ್ಟೆ. ಆಮೇಲೆ ಪ್ಲಂಬರು ಅರಿಸಿನ ಕಲಸಿದ ಒಂದು ಬಕೆಟ್ಟು ನೀರನ್ನು ಹೊಸ ಬಚ್ಚಲಿಗೆ ಒಮ್ಮೆಗೇ ಸುರಿದರು. ನಾನು ರಸ್ತೆಯ ಚೇಂಬರಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ಮೊದಲು ತೆಳ್ಳಗೆ, ಬಳಿಕ ದಪ್ಪವಾಗಿ, ಹಳದಿ ನೀರು ಬಂದು ಬಿದ್ದಾಗ, ಮಗಳ ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಕೂಗಿದಂತೆ ಮನೆಯ ಕಡೆಗೆ ತಿರುಗಿ ಕೂಗಿದೆ.

ಎಲ್ಲ ಮುಗಿದ ಮೇಲೆ ಸತ್ಯನಾರಾಯಣ ಪೂಜೆಗೆ ಬಂದವರು ಬಾಗಿಲಿನ ತೇಗವನ್ನು ತಟ್ಟಿ ನೋಡಿದರು, ಗ್ರಾನೈಟನ್ನು ಸವರಿದರು. ಚೇಂಬರಿನ ಮುಚ್ಚಳವನ್ನು ತುಳಿದುಕೊಂಡೇ ಒಳಗೆ ಬಂದರು. ನಮ್ಮ ಚಿಕ್ಕಪ್ಪ ಒಬ್ಬರು ಮಾತ್ರ ಹಿಂದಿನ ಬಚ್ಚಲಿಗೆ ಹೋಗಿ, ಒಂದು ಚೊಂಬು ನೀರು ಸುರಿದು, ತಲೆ ಓರೆ ಮಾಡಿ ಅದು ಹೋಗುವ ಸದ್ದನ್ನು ಕೊನೆಯ ತನಕ ಆಲಿಸಿದರು. "ಪರವಾಗಿಲ್ಲ ಕಣೋ. ಇನ್ನೊಂದು ಚೂರು ವಾಟ ಕೊಡಬಹುದಿತ್ತು" ಎಂದು ಹೇಳಿ ಊಟದ ಪಂಕ್ತಿಯ ಕಡೆಗೆ ನಡೆದರು. ಅವರ ಹಿಂದೆಯೇ ಅಮ್ಮ, ಗೋಡೆಯನ್ನೂ ಹಿಡಿಯದೆ, ಆ ಬಚ್ಚಲಿನೊಳಗೆ ಹೋಗಿ ಕೈ ತೊಳೆದುಕೊಂಡು ಬಂದರು.