ಗಿಡ ನೆಡೋಣ, ಆದರೆ ಮೊದಲು ಬೆಂಕಿ ತಡೆಯೋಣ

ಪ್ರತಿ ವರ್ಷ ಜೂನ್ 5, ಪರಿಸರ ದಿನ ಬಂದರೆ ದಾವಣಗೆರೆಯಲ್ಲಿ ಎಲ್ಲರ ಮೊಬೈಲಿನಲ್ಲೂ ಗಿಡ ನೆಡುವ ಫೋಟೋಗಳೇ. ನಾನೂ ನೆಟ್ಟಿದ್ದೇನೆ, ಫೋಟೋನೂ ಹಾಕಿದ್ದೇನೆ. ಅದು ಬೇಡ ಅನ್ನುತ್ತಿಲ್ಲ. ಆದರೆ ಅದಕ್ಕೆ ಮೂರ್ನಾಲ್ಕು ತಿಂಗಳ ಮೊದಲು ನಮ್ಮ ಜಗಳೂರು ಕಡೆ ಗುಡ್ಡಗಳಿಗೆ ಬೆಂಕಿ ಬೀಳುತ್ತದಲ್ಲ, ಆಗ ಯಾರೂ ಒಂದು ಸಾಲೂ ಬರೆಯುವುದಿಲ್ಲ. ತಾನಾಗಿ ಬೆಳೆದು ನಿಂತ ಕಾಡು ಒಂದು ರಾತ್ರಿಯಲ್ಲಿ ಕರಿಯಾಗುತ್ತದೆ. ಈ ಮಾತು ತುಂಬಾ ದಿನದಿಂದ ಮನಸ್ಸಿನಲ್ಲಿತ್ತು.

ನಮ್ಮೂರು ಇರುವುದು ರಂಗಯ್ಯನದುರ್ಗ ಅಭಯಾರಣ್ಯದ ಅಂಚಿನಲ್ಲಿ. ಕೊಂಡುಕುರಿ ಅನ್ನುವ ಸಣ್ಣ ಹುಲ್ಲೆಗಾಗಿಯೇ 2011ರಲ್ಲಿ ಘೋಷಣೆಯಾದ ಅಭಯಾರಣ್ಯ, ಸುಮಾರು 77 ಚದರ ಕಿಲೋಮೀಟರ್. ನಮ್ಮ ಜಿಲ್ಲೆಯಲ್ಲೇ ಇದ್ದರೂ ದಾವಣಗೆರೆಯ ನನ್ನ ಎಷ್ಟೋ ಗೆಳೆಯರಿಗೆ ಗೊತ್ತಿರಲಿಲ್ಲ. ಕರೆದುಕೊಂಡು ಹೋಗಿ ತೋರಿಸಿದರೆ "ಇದೇನು ಕಾಡು, ಬರೀ ಕುರುಚಲು" ಅಂದರು. ಕಮರ, ಚುಜ್ಜಲು, ತಂಗಡಿ, ಕಾರೆಮುಳ್ಳು, ನಡುವೆ ಮೊಣಕಾಲೆತ್ತರ ಒಣಹುಲ್ಲು. ನೋಡಲು ಅಷ್ಟೇ. ಆದರೆ ಕೊಂಡುಕುರಿಗೆ ಬೇಕಾಗಿರುವುದು ಆ ಕುರುಚಲೇ, ಆ ಹುಲ್ಲೇ.

ಗಂಡು ಕೊಂಡುಕುರಿಗೆ ನಾಲ್ಕು ಕೊಂಬು. ಹಿಂದಿನ ಜೋಡಿ ಉದ್ದ, ಮುಂದಿನದು ಗಿಡ್ಡ. ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಕಾಡಿನಲ್ಲಿ ಈ ಪ್ರಾಣಿ ಇಲ್ಲ. ತೂಕ ಹೆಚ್ಚೂಕಮ್ಮಿ 20 ಕೆ.ಜಿ. ಜಿಂಕೆಯ ಹಾಗೆ ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಇರುತ್ತದೆ. ಸದ್ದು ಕೇಳಿದರೆ ಹುಲ್ಲಿನ ಮರೆಯಲ್ಲಿ ಅಲ್ಲಾಡದೆ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಜೋಡಿಯಾದರೆ ಸುಮಾರು 8 ತಿಂಗಳು ಗಬ್ಬ. ನೀವೇ ಲೆಕ್ಕ ಹಾಕಿ. ಮರಿ ಇನ್ನೂ ಸಣ್ಣದಿರುವಾಗಲೇ ಬೆಂಕಿಯ ಕಾಲ ಬರುತ್ತದೆ. ಸಣ್ಣ ಮರಿ ಓಡುವುದಿಲ್ಲ. ಹುಲ್ಲಿನಲ್ಲಿ ಮುದುರಿ ಮಲಗುತ್ತದೆ. ನಾಯಿ, ನರಿಯಿಂದ ಅದನ್ನು ಉಳಿಸುವುದು ಅದೇ. ಬೆಂಕಿ ಬಂದಾಗ ಕೊಲ್ಲುವುದೂ ಅದೇ.

ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ದೊಡ್ಡಪ್ಪ ರಾತ್ರಿ ಫೋನ್ ಮಾಡಿದ್ದರು. "ಗುಡ್ಡಕ್ಕೆ ಬೆಂಕಿ ಬಿದ್ದೈತೆ, ಹುಡುಗ್ರನ್ನ ಕರ್ಕೊಂಡು ಬಾರಪ್ಪ." ನಾವು ಹೋಗುವಷ್ಟರಲ್ಲಿ ಊರಿನ ಅರ್ಧ ಜನ ಗುಡ್ಡದ ಮೇಲಿದ್ದರು. ಹಸಿ ಸೊಪ್ಪಿನ ಟೊಂಗೆ ಮುರಿದು ಬಡಿಯುವುದು ಬಿಟ್ಟರೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಗಾಳಿ ತಿರುಗಿದಾಗಲೆಲ್ಲ ಎದ್ದುಬಿದ್ದು ಓಡಿದೆವು. ಆರುವ ಹೊತ್ತಿಗೆ ಬೆಳಗಾಗಿತ್ತು. ಬೂದಿಯಲ್ಲಿ ನಡೆಯುವಾಗ ಒಂದು ಆಮೆ ಕಾಲಿಗೆ ತಗುಲಿತು. ಬೆನ್ನಿನ ಮೇಲಿನ ನಕ್ಷತ್ರದ ಗೆರೆಗಳೂ ಕಾಣದಷ್ಟು ಸುಟ್ಟಿತ್ತು. ದೊಡ್ಡಪ್ಪ ಅದನ್ನು ಎತ್ತಿ ಬಂಡೆಯ ಪಕ್ಕ ಇಟ್ಟರು. ಏನೂ ಮಾತಾಡಲಿಲ್ಲ.

ಬೆಂಕಿ ಅಂದ ಕೂಡಲೇ ಪೇಟೆಯವರು "ಕುರಿ ಕಾಯೋರೇ ಹಚ್ಚಿರ್ತಾರೆ ಬಿಡಿ" ಅನ್ನುತ್ತಾರೆ. ನನಗೆ ತುಂಬಾ ಬೇಜಾರಾಗುವ ಮಾತು ಇದು. ಹೊಸ ಹುಲ್ಲು ಚಿಗುರಲಿ ಅಂತ ಹಚ್ಚುವವರು ಇಲ್ಲವೇ ಇಲ್ಲ ಅನ್ನುವುದಿಲ್ಲ. ಆದರೆ ಆ ರಾತ್ರಿ ಬೆಂಕಿ ಬಂದಿದ್ದು ಹೊಲದಿಂದ. ಮೆಕ್ಕೆಜೋಳ ಮುರಿದ ಮೇಲೆ ಒಣದಂಟು, ಬದುವಿನ ಕಸ ಎಲ್ಲ ಸುಡುವುದು ನಮ್ಮಲ್ಲಿ ರೂಢಿ. ಗಾಳಿಗೆ ಕಿಡಿ ಹಾರಿತ್ತು. ಹಚ್ಚಿದವರೂ ನಮ್ಮ ಜೊತೆ ಬೆಳಗಿನವರೆಗೆ ಸೊಪ್ಪು ಬಡಿದರು. ಮೊದಲು ಹೊಗೆ ನೋಡಿ ಕೂಗಿದ್ದು ಕುರಿ ಕಾಯುವ ಹುಡುಗನೇ.

ಒಂದು ವಾರದ ನಂತರ ಅರಳಿಕಟ್ಟೆಯ ಮೇಲೆ ಕೂತು ಮಾತಾಡಿದೆವು. ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಅಂತ ಅರಣ್ಯ ಇಲಾಖೆಯವರು ಮೊದಲೇ ಹೇಳಿದ್ದರು. ಅದರಿಂದ ಜನ ಹೆದರಿದರೇ ಹೊರತು ಬದಲಾಗಿರಲಿಲ್ಲ. ಬದಲಾಯಿಸಿದ್ದು ಗೋಕಟ್ಟೆಯ ಮಾತು. ಹುಲ್ಲು ಸುಟ್ಟ ಗುಡ್ಡದ ಮಣ್ಣು ಮೊದಲ ಮಳೆಗೇ ಕೊಚ್ಚಿಕೊಂಡು ಬಂದು ಗೋಕಟ್ಟೆ ತುಂಬುತ್ತದೆ, ಆಮೇಲೆ ನಮ್ಮ ದನಕ್ಕೇ ನೀರಿಲ್ಲ ಅಂತ ಒಬ್ಬ ಅಜ್ಜಿ ಹೇಳಿದರು. ಬರ ಕಂಡ ತಾಲ್ಲೂಕು ನಮ್ಮದು. ನೀರಿನ ಮಾತು ಬಂದರೆ ಎಲ್ಲರೂ ಕಿವಿ ಕೊಡುತ್ತಾರೆ.

ಆ ವರ್ಷದಿಂದ ದಂಟು ಸುಡುತ್ತಿಲ್ಲ. ನಾಲ್ಕೈದು ಮನೆಯವರು ಸೇರಿ ರೋಟಾವೇಟರ್ ಬಾಡಿಗೆಗೆ ತಂದು ಹೊಲದಲ್ಲೇ ಮಣ್ಣಿಗೆ ಸೇರಿಸುತ್ತಾರೆ. ಕೈಯಲ್ಲಿ ದುಡ್ಡಿಲ್ಲದವರು ತಿಪ್ಪೆಗೆ ಹಾಕುತ್ತಾರೆ. ಜನವರಿಯಲ್ಲಿ ಅರಣ್ಯ ವಾಚರ್ ಜೊತೆ ಊರ ಕಡೆಯ ಗಡಿಯುದ್ದಕ್ಕೂ ಎರಡು ಮಾರು ಅಗಲ ಹುಲ್ಲು ಕೊಯ್ದು ಬೆಂಕಿರೇಖೆ ಮಾಡುತ್ತೇವೆ. ಕೊಯ್ದ ಹುಲ್ಲು ದನಕ್ಕೆ. ಹೊಗೆ ಕಂಡರೆ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡುತ್ತಾರೆ. ಈ ಬೇಸಿಗೆಯಲ್ಲೂ ರಸ್ತೆ ಕಡೆಯಿಂದ ಒಮ್ಮೆ ಬೆಂಕಿ ಬಂತು. ಸ್ವಲ್ಪ ಜಾಗ ಸುಟ್ಟಿತು. ಆದರೆ ರೇಖೆ ದಾಟಲಿಲ್ಲ.

ಪೇಟೆಯ ಗೆಳೆಯರು "ನಾವೇನು ಮಾಡಬೇಕು, ಸಾವಿರ ಗಿಡ ಕೊಡಲಾ?" ಅಂತ ಪ್ರೀತಿಯಿಂದ ಕೇಳುತ್ತಾರೆ. ದಯವಿಟ್ಟು ಆ ಹುಲ್ಲಿನ ಜಾಗದಲ್ಲಿ ಗುಂಡಿ ತೋಡಿ ಗಿಡ ನೆಡಬೇಡಿ. ಅದು ಖಾಲಿ ಜಾಗ ಅಲ್ಲ. ಗಿಡಗಳನ್ನು ನಿಮ್ಮ ಬೀದಿಗೆ, ಶಾಲೆಗೆ ನೆಡಿ. ನಮಗೆ ನಿಮ್ಮ ಕೈ ಬೇಕು, ರೋಟಾವೇಟರ್ ಬಾಡಿಗೆಗೆ ಸ್ವಲ್ಪ ನೆರವು ಬೇಕು.

ಬರುವ ಜನವರಿಯ ಎರಡನೇ ಭಾನುವಾರ ಮತ್ತೆ ರೇಖೆ ಮಾಡುತ್ತೇವೆ. ಬರುವವರು ಕಮೆಂಟಿನಲ್ಲಿ ಹೇಳಿ. ಬೆಳಿಗ್ಗೆ ಆರಕ್ಕೆ ಶುರು, ಬಿಸಿಲೇರುವ ಮೊದಲು ಮುಗಿಸಬೇಕು. ಪೂರ್ತಿ ತೋಳಿನ ಅಂಗಿ, ಶೂ ಹಾಕಿಕೊಂಡು ಬನ್ನಿ. ಕುಡುಗೋಲು ನಾವು ಕೊಡುತ್ತೇವೆ. ಮಂಡಕ್ಕಿ, ಮೆಣಸಿನಕಾಯಿ ದೊಡ್ಡಮ್ಮ ಮಾಡುತ್ತಾರೆ.