ಪಕ್ಕಾ ಬರ್ತೀವಿ ಅಂದವರೆಲ್ಲ ಎಲ್ಲಿ ಹೋಗಿದ್ರಿ?

ಸಿನಿಮಾ ಹೆಸರು ಹೇಳಲ್ಲ. ಹೇಳಿದರೆ ವಿಷಯ ಬಿಟ್ಟು ಅದರ ಮೇಲೇ ಜಗಳ ಶುರುವಾಗುತ್ತೆ, ನಮ್ಮವರ ಬುದ್ಧಿ ನನಗೆ ಗೊತ್ತು. ಬಾಹ್ಯಾಕಾಶದ ಸಿನಿಮಾ, ಇಂಗ್ಲಿಷಿನದು, ದೊಡ್ಡ ಪರದೆ ಮೇಲೇ ನೋಡಬೇಕಾದದ್ದು. ಅಷ್ಟು ಸಾಕು. ನಮ್ಮ ದುರ್ಗದಲ್ಲಿ ಹಾಕಿರಲಿಲ್ಲ. ದಾವಣಗೆರೆಯ ಒಂದು ಥಿಯೇಟರಿನಲ್ಲಿ ದಿನಕ್ಕೆ ಒಂದೇ ಆಟ, ಅದೂ ರಾತ್ರಿ ಒಂಬತ್ತೂವರೆಗೆ.

ನಮ್ಮದು ಒಂಬತ್ತು ಜನರ ಗುಂಪು. ಭಾನುವಾರ ಸಂಜೆ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತರೆ ಏಲಿಯನ್ನು, ಡ್ರ್ಯಾಗನ್ನು, ಟೈಮ್ ಮಷೀನು ಬಿಟ್ಟು ಬೇರೆ ಮಾತಿಲ್ಲ. ಶನಿವಾರ ಹೋಗೋಣ ಅಂತ ನಾನು ಅಂದಾಗ ಒಂಬತ್ತೂ ಜನ ಕೈ ಎತ್ತಿದರು. ಒಬ್ಬನಂತೂ 'ಅಕ್ಕ, ಇದನ್ನ ಥಿಯೇಟರಲ್ಲಿ ನೋಡದೇ ಇದ್ರೆ ಪಾಪ ಸುತ್ಕೊಳ್ಳುತ್ತೆ' ಅಂದ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ರಾತ್ರಿ ಆಟಕ್ಕೆ ಅಮ್ಮನನ್ನು ಒಪ್ಪಿಸಲು ನಾಲ್ಕು ದಿನ ಹಿಡಿಯಿತು. ಕೊನೆಗೆ ಚಿಕ್ಕಪ್ಪನ ಮಗ ಜೊತೆಗಿರ್ತಾನೆ, ಅವನೂ ನಮ್ಮ ಒಂಬತ್ತರಲ್ಲಿ ಒಬ್ಬನೇ ಅಲ್ವಾ, ಉಳಿದವರೂ ಬರ್ತಾರೆ ಅಂತ ಹೇಳಿ ಹೂಂ ಅನ್ನಿಸಿದೆ. ಶನಿವಾರ ಕೆಲಸ ಮುಗಿಸಿ, ಮುಖ ತೊಳೆದು, ಚಪಾತಿ ಕಟ್ಟಿಕೊಂಡು ಬಸ್ ಹತ್ತಿದೆವು. ನನಗೆ ಆಧಾರ್ ತೋರಿಸಿದರೆ ಫ್ರೀ, ತಮ್ಮನಿಗೆ ಟಿಕೆಟ್. ಭರಮಸಾಗರ ದಾಟುವವರೆಗೂ ಉಳಿದ ಏಳು ಜನ ಬೇರೆ ಬಸ್ಸಲ್ಲಿ ಬರ್ತಿರಬೇಕು ಅಂತಲೇ ನಾನು ಅಂದುಕೊಂಡಿದ್ದೆ. ಆನಗೋಡು ಹತ್ತಿರ ಮೊದಲನೇ ಫೋನ್ ಬಂತು. ಮನೆಗೆ ನೆಂಟರು ಬಂದಿದ್ದಾರಂತೆ. ದಾವಣಗೆರೆಯಲ್ಲಿ ಇಳಿಯುವ ಹೊತ್ತಿಗೆ ಇನ್ನೊಬ್ಬಳಿಗೆ ತಲೆನೋವು, ಮತ್ತೊಬ್ಬನ ಬೈಕ್ ಪಂಚರ್. ಉಳಿದವರು ಫೋನೇ ಎತ್ತಲಿಲ್ಲ.

ಥಿಯೇಟರಿನ ಬಾಗಿಲಲ್ಲಿ ನಾವಿಬ್ಬರು, ಮತ್ತೆ ಸ್ವೆಟರ್ ಹಾಕಿಕೊಂಡು ಬಂದಿದ್ದ ಒಬ್ಬ ಅಜ್ಜ, ಅವರ ಮೊಮ್ಮಗಳು. ಹುಡುಗಿಗೆ ಹನ್ನೊಂದೋ ಹನ್ನೆರಡೋ ಇರಬೇಕು. ಕೈಯಲ್ಲಿ ರಾಕೆಟ್ ಚಿತ್ರದ ನೀರಿನ ಬಾಟಲಿ. ಒಟ್ಟು ನಾಲ್ಕು ಜನ. ಒಂಬತ್ತೂ ಇಪ್ಪತ್ತಕ್ಕೆ ಅಲ್ಲಿನ ಒಬ್ಬರು ಬಂದು, 'ಮೇಡಂ, ಹತ್ತು ಜನ ಆದ್ರೆ ಹಾಕ್ತೀವಿ, ಇಲ್ಲಾಂದ್ರೆ ಕರೆಂಟ್ ಖರ್ಚೂ ಹುಟ್ಟಲ್ಲ, ದುಡ್ಡು ವಾಪಸ್ ಬರುತ್ತೆ, ಬೇಕಾದ್ರೆ ಪಕ್ಕದ ಸ್ಕ್ರೀನಲ್ಲಿ ಕೂತ್ಕೊಳ್ಳಿ' ಅಂದರು. ಪಕ್ಕದ ಸ್ಕ್ರೀನಲ್ಲಿ ನಡೀತಿದ್ದದ್ದು ಅರ್ಧ ಮುಗಿದ ಹೊಡೆದಾಟದ ಸಿನಿಮಾ.

ಮೊದಲು ಸಿಟ್ಟು ಬಂದದ್ದು ಅವರ ಮೇಲೇ. ಟಿಕೆಟ್ ಮಾರಿದ ಮೇಲೆ ತೋರಿಸಬೇಕು ತಾನೇ? ನಾಲ್ಕೇ ಜನ ಅಂತ ಸಂಜೆ ಆರಕ್ಕೇ ಗೊತ್ತಿರುತ್ತೆ, ಆಗಲೇ ಒಂದು ಮೆಸೇಜ್ ಹಾಕೋಕೆ ಏನು ಧಾಡಿ? ಸಾಕಷ್ಟು ಜೋರಾಗೇ ಕೂಗಾಡಿದೆ. ಆದರೆ ಕೂಗಾಡುತ್ತಿರುವಾಗಲೇ ತಲೆಯಲ್ಲಿ ಲೆಕ್ಕ ಓಡಿತು. ನಾವು ಒಂಬತ್ತು, ಅಜ್ಜ ಮೊಮ್ಮಗಳು ಇಬ್ಬರು, ಹನ್ನೊಂದು. ಆ ಏಳು ಜನ ಬಂದಿದ್ದರೆ ಆಟ ನಡೆಯುತ್ತಿತ್ತು. ಅಲ್ಲಿಗೆ ನನ್ನ ಬಾಯಿ ಬಂದ್ ಆಯಿತು.

ಆ ಹುಡುಗಿ ಅಳಲಿಲ್ಲ. ಬಾಟಲಿ ಮುಚ್ಚಳ ತಿರುಗಿಸ್ತಾ, ಹಾಕ್ತಾ, ಮತ್ತೆ ತಿರುಗಿಸ್ತಾ ನಿಂತಿತ್ತು. ಅಜ್ಜ ನನ್ನ ಹತ್ರ ಬಂದು, 'ನಾಳೆ ಇರುತ್ತೇನಮ್ಮ?' ಅಂತ ಕೇಳಿದರು. ಇರುತ್ತೋ ಇಲ್ಲವೋ, ಏನು ಹೇಳಲಿ?

ನಾವು ದುರ್ಗಕ್ಕೆ ವಾಪಸ್ ಬಂದಾಗ ಹನ್ನೊಂದೂ ಮುಕ್ಕಾಲು. ಅಮ್ಮ ಬಾಗಿಲು ತೆಗೆದು, 'ಇಷ್ಟು ಬೇಗ ಮುಗೀತಾ?' ಅಂದಳು. ಹೋಗಿ ಬರೋದು ಸೇರಿ 120 ಕಿಲೋಮೀಟರ್. ಚಪಾತಿ ಡಬ್ಬಿ ತೆರೆದೇ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟೊಂದು ಬರೆಯುತ್ತಿರಲಿಲ್ಲ. ಭಾನುವಾರ ಸಂಜೆ ಎಲ್ಲರೂ ಹಾಜರು. ನೆಂಟರು ಹೋಗಿದ್ದರು, ತಲೆನೋವು ಬಿಟ್ಟಿತ್ತು, ಪಂಚರ್ ಹಾಕಿಸಿ ಆಗಿತ್ತು. ಆ ಪಾಪದ ಮಾತಾಡಿದ್ದನಲ್ಲ, ಅವನು ಒಂದು ಮೆಣಸಿನಕಾಯಿ ಕಚ್ಚಿಕೊಂಡು, 'ಆ ಸಿನಿಮಾನಾ? ನಾನು ಫೋನಲ್ಲೇ ನೋಡಿಬಿಟ್ಟೆ ಅಕ್ಕ, ಗ್ರಾಫಿಕ್ಸ್ ಅಷ್ಟೇನಿಲ್ಲ' ಅಂದ. ಯಾರೋ ಥಿಯೇಟರಲ್ಲಿ ಕದ್ದು ತೆಗೆದ ಪ್ರಿಂಟು. ಮಧ್ಯೆ ಒಬ್ಬ ಎದ್ದು ಹೋಗುವ ತಲೆ ಕೂಡ ಕಾಣಿಸುತ್ತಂತೆ. ಮಾತು ಎಳೀತಾರೆ ಅಂತ ಸ್ಪೀಡ್ ಒಂದೂವರೆಗೆ ಇಟ್ಟು ನೋಡಿದನಂತೆ. ನಾನು ಬಾಯಿ ತೆರೆಯುವ ಮೊದಲೇ ಕೊನೆಯಲ್ಲಿ ಯಾರು ಸಾಯ್ತಾರೆ ಅನ್ನೋದನ್ನೂ ಹೇಳಿ ಮುಗಿಸಿದ.

ಗ್ರಾಫಿಕ್ಸ್ ಅಷ್ಟೇನಿಲ್ಲವಂತೆ! ಇದೇ ಮಹಾಶಯ 2014ರ ಇಂಟರ್‌ಸ್ಟೆಲ್ಲರ್‌ ಬಗ್ಗೆ ನಮಗೆ ಎಷ್ಟು ಸಲ ಪಾಠ ಮಾಡಿಲ್ಲ. ಅದರಲ್ಲಿನ ಕಪ್ಪುಕುಳಿಯನ್ನು ಭೌತವಿಜ್ಞಾನಿ ಕಿಪ್ ಥಾರ್ನ್ ಕೊಟ್ಟ ಸಮೀಕರಣಗಳ ಮೇಲೆ ಕಟ್ಟಿದರು, ಕೆಲವು ಫ್ರೇಮ್ ತಯಾರಾಗೋಕೆ 100 ಗಂಟೆವರೆಗೂ ಹಿಡಿಯಿತು, ನಿಜವಾದ ಕಪ್ಪುಕುಳಿಯ ಮೊದಲ ಚಿತ್ರ ಜಗತ್ತಿಗೆ ಸಿಕ್ಕಿದ್ದೇ 2019ರಲ್ಲಿ ಅಂತೆಲ್ಲ ನನಗೆ ಹೇಳಿಕೊಟ್ಟವನು ಇವನೇ. ಪರದೆ ಮೇಲೆ ಒಂದು ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಒಂದೊಂದಕ್ಕೆ ಯಾರೋ ದಿನಗಟ್ಟಲೆ ಕಂಪ್ಯೂಟರ್ ಓಡಿಸಿ ಮಾಡಿದ್ದನ್ನು ಇವನು ಅಂಗೈಯಗಲದ ಗಾಜಿನಲ್ಲಿ, ಯಾರದೋ ತಲೆ ಅಡ್ಡ ಬರುವಾಗ, ಒಂದೂವರೆ ಸ್ಪೀಡಲ್ಲಿ ನೋಡಿ ಮಾರ್ಕ್ಸ್ ಕೊಡ್ತಾನೆ.

ಉಳಿದವರು ಏನು ಕಡಿಮೆ ಇಲ್ಲ. ಗೇಮ್ ಆಫ್ ಥ್ರೋನ್ಸ್ ಅನ್ನೋ ಡ್ರ್ಯಾಗನ್ ಸೀರಿಯಲ್ಲಿನ ಕೊನೆ ಸೀಸನ್ ಹಾಳು ಮಾಡಿದರು ಅಂತ 2019ರಿಂದ ಬಾಯಿ ಬಡಿದುಕೊಳ್ತಿದ್ದಾರೆ. ಆ ಕಥೆ ಬರೆದ ಲೇಖಕ ಐದನೇ ಪುಸ್ತಕ ಕೊಟ್ಟದ್ದು 2011ರಲ್ಲಿ, ಆರನೇದು ಯಾವಾಗ ಅಂತ ವಾರಕ್ಕೊಂದು ಸಲ ಶಾಪ ಹಾಕ್ತಾರೆ. ಈ ಪೈಕಿ ಮೊದಲನೇ ಪುಸ್ತಕ ಓದಿದವರು ಎಷ್ಟು ಜನ ಅಂತ ಕೇಳಿದೆ. ಮಂಡಕ್ಕಿ ತಿನ್ನೋ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಇವರದೇ ಇನ್ನೊಂದು ಹಾಡು, ಕನ್ನಡದಲ್ಲಿ ಇಂಥವು ಬರಲ್ಲ ಅನ್ನೋದು. ಡಬ್ಬಿಂಗಿಗೆ ವರ್ಷಾನುಗಟ್ಟಲೆ ಅಡ್ಡಿ ಇತ್ತು, ನಿಜ. 2015ರಲ್ಲಿ ಸ್ಪರ್ಧಾ ಆಯೋಗ, ಅಂದ್ರೆ ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಆಗದಂತೆ ನೋಡಿಕೊಳ್ಳೋ ಕೇಂದ್ರದ ಸಂಸ್ಥೆ, ಅದು ತಪ್ಪು ಅಂತ ಆದೇಶ ಮಾಡಿತು. 2022ರ ಡಿಸೆಂಬರಿನಲ್ಲಿ ಅವತಾರ್ ಎರಡನೇ ಭಾಗ ಕನ್ನಡದಲ್ಲೂ ಬಂತು. ಆಗ ಇವರು ನೋಡಿದ್ದು ಯಾವ ಭಾಷೆಯಲ್ಲಿ ಗೊತ್ತಾ? ಒಬ್ಬ ಇಂಗ್ಲಿಷಲ್ಲಿ, 'ಕನ್ನಡದಲ್ಲಿ ಫೀಲ್ ಬರಲ್ಲ' ಅಂತ. ಇಬ್ಬರು ಹಿಂದಿಯಲ್ಲಿ, ಆಟದ ಟೈಮ್ ಸರಿಹೋಯ್ತು ಅಂತ. ಉಳಿದವರು ಮಾಮೂಲಿ ಫೋನಲ್ಲಿ. ಹೀಗಾದ್ರೆ ಕನ್ನಡದ ಆಟ ಯಾರಿಗೆ ಅಂತ ಹಾಕ್ತಾರೆ, ಖಾಲಿ ಕುರ್ಚಿಗಳಿಗಾ?

ನನ್ನ ಪಿತ್ತ ನೆತ್ತಿಗೇರಿದ್ದು ಅವರಲ್ಲೊಬ್ಬ 'ನಮ್ಮ ಕಡೆ ಇದೆಲ್ಲ ಯಾರಿಗೆ ಬೇಕು ಬಿಡಕ್ಕ' ಅಂದಾಗ. ನಮ್ಮ ಕಡೆ! ಇಲ್ಲೇ ಚಳ್ಳಕೆರೆ ಹತ್ರ ಇಸ್ರೋದವರು ಬಾಹ್ಯಾಕಾಶಕ್ಕೆ ಹೋಗಿ ಬಂದು ಮತ್ತೆ ಬಳಸೋಕೆ ಆಗುವಂಥ, ರೆಕ್ಕೆ ಇರುವ ವಾಹನದ ಮಾದರಿಯನ್ನು ವಾಯುಪಡೆಯ ಹೆಲಿಕಾಪ್ಟರಿಗೆ ನೇತುಹಾಕಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟರು. ಅದು ತಾನಾಗಿ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು. ಒಂದಲ್ಲ, ಮೂರು ಸಲ. 2023ರ ಏಪ್ರಿಲ್ 2, 2024ರ ಮಾರ್ಚ್ 22, ಅದೇ ವರ್ಷ ಜೂನ್ 23. ಕೊನೇ ಸಲ ಇಳಿಯುವಾಗ ವೇಗ ಗಂಟೆಗೆ 320 ಕಿಲೋಮೀಟರಿಗಿಂತ ಜಾಸ್ತಿ. ಪುಷ್ಪಕ್ ಅಂತ ಹೆಸರು. ಅದಕ್ಕೂ ಮೊದಲು ಚಂದ್ರಯಾನ-2ರ ಸೆನ್ಸರ್ ಪರೀಕ್ಷೆಗೆ ಅಂತ ಇದೇ ಚಳ್ಳಕೆರೆ ಕಡೆ ಚಂದ್ರನ ಮೇಲಿರುವಂಥ ಗುಂಡಿಗಳನ್ನೂ ತೋಡಿದ್ದರು. ನಾವು ಕಡಲೆಕಾಯಿ ಬಿತ್ತೋ ಸೀಮೆಯಲ್ಲಿ! ಇಷ್ಟನ್ನೂ ಒಂದೇ ಉಸಿರಲ್ಲಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವನು, 'ಪುಷ್ಪಕ್ ಯಾವ ಭಾಷೆ ಸಿನಿಮಾ ಅಕ್ಕ?' ಅಂದ.

ತಮ್ಮ ಟೀ ಕಪ್ ಕೆಳಗಿಟ್ಟು ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಹುಡುಗಿ ತಿರುಗಿಸ್ತಿದ್ದ ಬಾಟಲಿ ಮುಚ್ಚಳವೇ ಕಣ್ಮುಂದೆ ಬಂತು.

ಈಗ ಮುಂದಿನ ತಿಂಗಳು ಇನ್ನೊಂದು ಬರ್ತಿದೆಯಂತೆ, 'ಅಕ್ಕ, ಒಂಬತ್ತು ಟಿಕೆಟ್ ನೀನೇ ಬುಕ್ ಮಾಡಿಬಿಡು, ಆಮೇಲೆ ಕೊಡ್ತೀವಿ' ಅಂತ ಅದೇ ಜನ ಅದೇ ಕೈ ಎತ್ತಿದ್ದಾರೆ. ಮೊದಲು ದುಡ್ಡು ಇಡಿ ಅಂದೆ. ಎರಡು ವಾರ ಆಯಿತು, ತಮ್ಮನ ಬಿಟ್ಟು ಒಬ್ಬನೂ ಜೇಬಿಗೆ ಕೈ ಹಾಕಿಲ್ಲ.

ಹಾಗಿದ್ರೆ ನನ್ನ ಪುಸ್ತಕ ಆದ್ರೂ ವಾಪಸ್ ಕೊಡು ಅಂತ ಆ ಫೋನ್ ವೀರನನ್ನು ಕೇಳಿದೆ. ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಎಲ್ಲಿದೆ ಅಂತ ಆರು ತಿಂಗಳ ಹಿಂದೆ ವಾದ ಮಾಡಿದ್ದಕ್ಕೆ, ಹಳೇ ಪುಸ್ತಕದಂಗಡಿಯಲ್ಲಿ ಹುಡುಕಿ ತಂದಿದ್ದ ರಾಜಶೇಖರ ಭೂಸನೂರಮಠರ ಕಥೆಗಳನ್ನು ಓದು ಅಂತ ಕೊಟ್ಟಿದ್ದೆ. ಮೊನ್ನೆ ಅವನ ಮನೆಗೆ ಹೋದಾಗ ಕಣ್ಣಾರೆ ಕಂಡೆ, ಟೇಬಲ್ ಕಾಲು ಕುಂಟು ಅಂತ ಸೆಟ್ ಟಾಪ್ ಬಾಕ್ಸ್ ಕೆಳಗೆ ಅದನ್ನು ಆನಿಸಿ ಇಟ್ಟಿದ್ದಾನೆ.

'ಕೊಡ್ತೀನಕ್ಕ, ಆದ್ರೆ ಬಾಕ್ಸ್ ಕೆಳಗೆ ಏನಿಡ್ಲಿ ಮತ್ತೆ?' ಅಂತಾನೆ.