ಕಾರ್ಡು ನುಂಗಿತ್ತ, ನೋಡವ್ವ ತಂಗಿ

ತಿಂಗಳ ಮೊದಲ ಶನಿವಾರ ಎಟಿಎಂ ಯಂತ್ರ ನನ್ನ ಕಾರ್ಡನ್ನು ನುಂಗಿತು. ನುಂಗಿದ ರೀತಿಯಲ್ಲಿ ಒಂದು ಸಂಸ್ಕಾರವಿತ್ತು, ಅದನ್ನು ಒಪ್ಪಬೇಕು. ಮೊದಲು ಕಾರ್ಡನ್ನು ಮೆತ್ತಗೆ ಒಳಗೆಳೆದುಕೊಂಡಿತು. ಪಿನ್ ಕೇಳಿತು, ಎಷ್ಟು ಬೇಕೆಂದು ಕೇಳಿತು, ದಯವಿಟ್ಟು ನಿರೀಕ್ಷಿಸಿ ಎಂದಿತು, ಒಳಗೆ ನೋಟು ಎಣಿಸುವ ಸದ್ದನ್ನೂ ಕೇಳಿಸಿತು. ಆಮೇಲೆ ಪರದೆ ಕಪ್ಪಾಯಿತು. ಮದುವೆಮನೆಯಲ್ಲಿ ಪಾಯಸದ ಪಾತ್ರೆ ನನ್ನ ಎಲೆಯ ತನಕ ಬಂದು ಖಾಲಿಯಾದಾಗ ಹೇಗೆ ಕೂತಿರುತ್ತೇನೋ ಹಾಗೆ ನಿಂತಿದ್ದೆ.

ಆಗಲೇ ಜೇಬಿನಲ್ಲಿದ್ದ ಫೋನು ಸಿ. ಅಶ್ವತ್ಥರ ಕಂಠದಲ್ಲಿ ಬಾಯಿಬಿಟ್ಟಿತು: 'ಕೋಡಗನ್ನ ಕೋಳಿ ನುಂಗಿತ್ತ, ನೋಡವ್ವ ತಂಗಿ...'

ಹೆಂಡತಿಯ ಕರೆ. ಬರುವಾಗ ಕೊತ್ತಂಬರಿ ಸೊಪ್ಪು ತರಬೇಕಂತೆ. ಗಾಬರಿಯಲ್ಲಿ ಫೋನು ಕೈಗೆ ಸಿಗುವಷ್ಟರಲ್ಲಿ ಅಶ್ವತ್ಥರು ಆಡಿನಿಂದ ಆನೆಯನ್ನೂ ನುಂಗಿಸಿ ಆಗಿತ್ತು. ಬಾಗಿಲಾಚೆ ಸಾಲಿನಲ್ಲಿದ್ದವರು ನಕ್ಕರು. ನಗಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಕ್ಕು ಸುಮ್ಮನಾಗದೆ ಹಾಡಿನ ಅರ್ಥಕ್ಕೆ ಕೈಹಾಕಿದರು.

ಈ ಹಾಡಿಗೂ ನನಗೂ ಹಳೆಯ ಲೆಕ್ಕವಿದೆ. ಮೂರನೆಯ ತರಗತಿಯಲ್ಲಿದ್ದಾಗ ರೇಡಿಯೊದಲ್ಲಿ ಕೇಳಿ, ಕೊಡಗನ್ನು ಕೋಳಿ ನುಂಗಿತು ಎಂದೇ ನಂಬಿದ್ದೆ. ನಕ್ಷೆಯಲ್ಲಿ ಕೇರಳದ ಮಗ್ಗುಲಿಗೆ ಒರಗಿಕೊಂಡಿರುವ ಆ ಪುಟ್ಟ ಜಿಲ್ಲೆ ಒಂದು ಭಾರೀ ಹುಂಜದ ಬಾಯಿಗೆ ತುತ್ತಾಗುವಂತೆಯೇ ಕಾಣುತ್ತಿತ್ತು. ಕೊಡಗಿನ ವಿಶೇಷವೇನು ಎಂದು ಮೇಷ್ಟ್ರು ಕೇಳಿದಾಗ ಉಳಿದವರು ಕಾಫಿ, ಕಿತ್ತಳೆ, ಕಾವೇರಿ ಎಂದರು. ನಾನು ಎದ್ದು ನಿಂತು ಕೋಳಿ ಎಂದೆ. ಮುಂದಿನದನ್ನು ಮರದ ಸ್ಕೇಲು ನೋಡಿಕೊಂಡಿತು. ಎಷ್ಟೋ ವರ್ಷಗಳ ಮೇಲೆ ಹಾಸ್ಟೆಲಿನಲ್ಲಿ ವಿರಾಜಪೇಟೆಯ ಗೆಳೆಯನಿಗೆ ಈ ಕಥೆ ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿ, 'ನಮ್ಮಲ್ಲಿ ನುಂಗುವ ಕೆಲಸ ನಮ್ಮ ಕಡೆಯಿಂದ ನಡೆಯುತ್ತದೆ, ಕೋಳಿಯ ಕಡೆಯಿಂದಲ್ಲ' ಎಂದ. ಕೋಡಗ ಎಂದರೆ ಮಂಗ ಎಂಬುದು ನನಗೆ ತಿಳಿದದ್ದು ಕಿಟೆಲ್ಲರ ನಿಘಂಟಿನಿಂದ. 1894ರಷ್ಟು ಹಿಂದೆಯೇ ಅಚ್ಚಾಗಿದ್ದ ಪುಸ್ತಕವನ್ನು ಸ್ವಲ್ಪ ಮೊದಲೇ ತೆರೆದು ನೋಡಿದ್ದರೆ ಎರಡು ಏಟು ಉಳಿಯುತ್ತಿದ್ದವು.

ಮಂಗ ಎಂದು ಗೊತ್ತಾದ ಮೇಲಾದರೂ ಏನು ಬಗೆಹರಿಯಿತು? ಶಿಶುನಾಳ ಶರೀಫರು (1819–1889) ತಮ್ಮ ಪದಗಳಿಗೆ ಶೀರ್ಷಿಕೆ ಬರೆದು ಅಡಿಗೆರೆ ಎಳೆದವರಲ್ಲ. ಬಾಯಿಂದ ಬಂದ ಮೊದಲ ಸಾಲೇ ಹಾಡಿನ ಹೆಸರು. ಹೆಸರಿನಲ್ಲೇ ಮಂಗವನ್ನು ಕೋಳಿಯ ಹೊಟ್ಟೆಗೆ ಸೇರಿಸಿ ಅವರು ನೆಮ್ಮದಿಯಾಗಿ ಹೋದರು. ನಾವು ಇಂದಿಗೂ ಆ ಕೋಳಿಯ ಹಿಂದೆ ಓಡುತ್ತಿದ್ದೇವೆ.

ಸಾಲಿನಲ್ಲಿ ಮೊದಲು ನಿಂತಿದ್ದವರು ಖಾದಿ ಜುಬ್ಬದ ಹಿರಿಯರು. ನನ್ನ ಕಾರ್ಡಿನ ಗತಿ ಏನಾಯಿತೆಂದು ಕೇಳದೆ ನೇರವಾಗಿ ಒಳಗೇ ಬಂದು, 'ಆ ಸಾಲಿನ ಅರ್ಥ ಗೊತ್ತೇ ನಿಮಗೆ?' ಎಂದರು. ಉತ್ತರಕ್ಕೆ ಕಾಯುವ ಜಾತಿಯ ಪ್ರಶ್ನೆ ಅದಲ್ಲ. ಕೋಡಗವೆಂದರೆ ಮನಸ್ಸು, ಕೊಂಬೆಯಿಂದ ಕೊಂಬೆಗೆ ಹಾರುವಂಥದ್ದು. ಕೋಳಿಯೆಂದರೆ ಬೆಳಗಾಯಿತೆಂದು ಕೂಗುವ ಅರಿವು. ಅರಿವು ಬಂದು ಮನಸ್ಸನ್ನು ನುಂಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಮ ಬೆಡಗಿನ ವಚನಗಳಲ್ಲಿ ಹಾಕಿದ ಗಂಟಿನ ಜಾತಿಯದೇ ಇದೂ. ಇಷ್ಟಕ್ಕೆ ನಿಲ್ಲಿಸಿದ್ದರೆ ಅವರಿಗೆ ಕೈಮುಗಿಯುತ್ತಿದ್ದೆ, ಏಕೆಂದರೆ ಅದು ಒಪ್ಪುವ ಮಾತು. ಆದರೆ ಅವರು ಅಲ್ಲಿಂದ ಕುಂಡಲಿನಿಗೆ ಹೋದರು. ಕುಂಡಲಿನಿ ಮೂಲಾಧಾರದಿಂದ ಹೊರಟು ಆಜ್ಞಾಚಕ್ರ ತಲುಪುವ ಹೊತ್ತಿಗೆ ಹೊರಗಿನ ಸಾಲು ಒಂಬತ್ತು ಜನಕ್ಕೆ ಬೆಳೆದಿತ್ತು.

'ಕಾರ್ಡು ಹೋಯಿತು ಎನ್ನುತ್ತೀರಲ್ಲ, ಅದೂ ಮಾಯೆಯೇ. ನಮ್ಮದು ಎಂದುಕೊಂಡದ್ದು ಯಾವುದು ನಮ್ಮದು?' ಎಂದು ಅವರು ನನ್ನ ಭುಜ ತಟ್ಟಿದರು. ಮಾಯೆಯಿಂದ ಬಾಡಿಗೆ ಕಟ್ಟಲು ಬರುವಂತಿದ್ದರೆ ನಾನೂ ಒಪ್ಪುತ್ತಿದ್ದೆ.

ತರಕಾರಿ ಚೀಲ ಹಿಡಿದಿದ್ದ ಹೆಂಗಸೊಬ್ಬರು, ಇದು ಅತ್ತೆ ಸೊಸೆಯ ಹಾಡು ಎಂದು ಎರಡೇ ಮಾತಿನಲ್ಲಿ ತೀರ್ಪು ಕೊಟ್ಟರು. ಇಲ್ಲದಿದ್ದರೆ 'ನೋಡವ್ವ ತಂಗಿ' ಎಂದು ಪಕ್ಕಕ್ಕೆ ಕರೆದು ಏಕೆ ಹೇಳಬೇಕಿತ್ತು? ಇದಕ್ಕೆ ಜುಬ್ಬದವರ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಳಿಯೂ ಇರಲಿಲ್ಲ.

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಹುಡುಗ, ಹೀಗೆ ಅರ್ಥ ಕೆದಕುವುದೇ ಒಂದು ಕಾಯಿಲೆ ಎಂದ. 1967ರಲ್ಲಿ ಬೀಟಲ್ಸ್ ತಂಡದವರು 'ಲೂಸಿ ಇನ್ ದ ಸ್ಕೈ ವಿತ್ ಡೈಮಂಡ್ಸ್' ಎಂದು ಹಾಡಿದಾಗ ಅಭಿಮಾನಿಗಳು ಆ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಎಲ್‌ಎಸ್‌ಡಿ ಎಂಬ ಮಾದಕ ಪದಾರ್ಥವನ್ನು ಹೊರತೆಗೆದಿದ್ದರಂತೆ. ಜಾನ್ ಲೆನನ್ ಮಾತ್ರ, ಅದು ಶಿಶುವಿಹಾರದಿಂದ ಮಗ ಬರೆದು ತಂದ ಚಿತ್ರದ ಹೆಸರು, ಲೂಸಿ ಎಂಬವಳು ಅವನ ಸಹಪಾಠಿ ಎನ್ನುತ್ತಲೇ ಬಂದ. ನಂಬಿದವರು ಕಡಿಮೆ. ಸಾಲದ್ದಕ್ಕೆ 1974ರಲ್ಲಿ ಇಥಿಯೋಪಿಯಾದಲ್ಲಿ ಸುಮಾರು 32 ಲಕ್ಷ ವರ್ಷ ಹಳೆಯ ಅಸ್ಥಿಪಂಜರವೊಂದು ಸಿಕ್ಕಾಗ, ಶಿಬಿರದಲ್ಲಿ ಈ ಹಾಡು ಕೇಳುತ್ತಿದ್ದ ವಿಜ್ಞಾನಿಗಳು ಅದಕ್ಕೂ ಲೂಸಿ ಎಂದೇ ಹೆಸರಿಟ್ಟರು. ಪುಟ್ಟ ಹುಡುಗಿಯ ಹೆಸರನ್ನು ಎಲುಬಿನ ಗೂಡು ನುಂಗಿತು ಎಂದು ಹೇಳಿ ಅವನು ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಶರೀಫರಿಗೆ ಈ ಹುಡುಗ ಇಷ್ಟವಾಗುತ್ತಿದ್ದನೇನೋ.

ಇಷ್ಟರವರೆಗೂ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಕಾವಲುಗಾರ ಈಗ ಎದ್ದ. ಗುಳೇದಗುಡ್ಡದವನು, ನೇಕಾರರ ಮನೆಯವನು. ಅವನಿಗೆ ಈ ಹಾಡಿನಲ್ಲಿ ಒಗಟು ಇದೆ ಎನ್ನುವುದೇ ಅರ್ಧ ಸುಳ್ಳು ಎನಿಸುತ್ತದಂತೆ. ಹೊಸ ಗೋಡೆಗೆ ಸುಣ್ಣ ಬಳಿದು ನೋಡಿ ಸರ್, ಎಷ್ಟು ಬಳಿದರೂ ಗೋಡೆ ನುಂಗುತ್ತದೆ, ಅದರಲ್ಲಿ ವೇದಾಂತವೇನು ಬಂತು ಎಂದ. ಒಳ್ಳು ಒನಕೆಯನ್ನು ನುಂಗದಿದ್ದರೆ ಭತ್ತ ಕುಟ್ಟುವುದು ಹೇಗೆ? ಬೀಸುವ ಕಲ್ಲು ಗೂಟವನ್ನು ನುಂಗಿ ಗಟ್ಟಿಯಾಗಿ ಹಿಡಿದುಕೊಳ್ಳದಿದ್ದರೆ ಹಿಡಿದು ತಿರುಗಿಸುವುದು ಏನನ್ನು?

'ಹಾಡು ಮಗ್ಗದ ಅಣ್ಣನನ್ನೂ ಬಿಡುವುದಿಲ್ಲ, ಕೇಳಿದ್ದೀರಲ್ಲ? ನಮ್ಮಪ್ಪನದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು ಬೆಳಿಗ್ಗೆ ಕೂತರೆ ಏಳುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಒಳಗೆ ಕಾಲು ತುಳಿಯುತ್ತಿರುತ್ತಿತ್ತು, ಮೇಲೆ ಕೈ ಲಾಳಿ ಓಡಿಸುತ್ತಿತ್ತು. ಚಿಕ್ಕವನಿದ್ದಾಗ ನಾನು ನಮ್ಮಪ್ಪನನ್ನು ಸೊಂಟದಿಂದ ಮೇಲಕ್ಕೆ ಮಾತ್ರ ನೋಡಿದ್ದೇ ಹೆಚ್ಚು. ಉಳಿದ ಅರ್ಧವನ್ನು ಕುಣಿ ನುಂಗಿತ್ತು.'

ಜುಬ್ಬದವರೂ ಒಂದು ಗಳಿಗೆ ಸುಮ್ಮನಾದರು. ತರಕಾರಿ ಚೀಲದವರು ಚೀಲವನ್ನು ಕೆಳಗಿಟ್ಟರು. ಇಷ್ಟು ವರ್ಷ ರಿಂಗ್‌ಟೋನ್ ಮಾಡಿಕೊಂಡು ಮೆರೆದ ನನಗೆ ಆ ಸಾಲು ಒಮ್ಮೆಯೂ ಸರಿಯಾಗಿ ಕೇಳಿಸಿರಲಿಲ್ಲ. ಅಲ್ಲಿಯ ತನಕ ಹಾಡು ಓಡುವ ಮುಂಚೆಯೇ ನಾನು ಹಸಿರು ಗುಂಡಿ ಒತ್ತಿಬಿಡುತ್ತೇನೆ.

'ಹಾಗಾದರೆ ಮಂಗ ಮತ್ತು ಕೋಳಿ?' ಎಂದು ಕೇಳಿದೆ.

'ಅದು ನನಗೂ ಗೊತ್ತಿಲ್ಲ ಸರ್. ಅದನ್ನು ಇವರೇ ಹೇಳಬೇಕು' ಎಂದು ಅವನು ಬಹಳ ಮರ್ಯಾದೆಯಿಂದ ಜುಬ್ಬದವರ ಕಡೆ ಕೈ ತೋರಿಸಿದ.

ಅಷ್ಟರಲ್ಲಿ ಯಂತ್ರಕ್ಕೆ ಎಚ್ಚರವಾಯಿತು. ಪರದೆ ಬೆಳಗಿ, ಏನೂ ನಡೆದೇ ಇಲ್ಲವೆಂಬಂತೆ ಸ್ವಾಗತ ಕೋರಿತು. ಗೋಡೆಯ ಮೇಲಿದ್ದ ಸಂಖ್ಯೆಗೆ ನಾನು ಕರೆ ಮಾಡಿದೆ. ಕನ್ನಡಕ್ಕೆ ಒಂದನ್ನು ಒತ್ತಿದೆ, ದೂರಿಗೆ ನಾಲ್ಕನ್ನು ಒತ್ತಿದೆ, ಹೊಸ ಕಾರ್ಡು ಬರಲು ಹತ್ತು ದಿನ ಎಂಬ ಸಮಾಧಾನವನ್ನು ಪಡೆದೆ. ಜುಬ್ಬದವರು ತಮ್ಮ ಕಾರ್ಡನ್ನು ಹೊರತೆಗೆದರು. ಬೇಡ ಸರ್, ಬೇರೆ ಕಡೆ ಹೋಗಿ ಎಂದು ಕಾವಲುಗಾರ ತಡೆದ.

'ಯಂತ್ರದ ತಪ್ಪಲ್ಲಪ್ಪ. ಇವರು ಓರೆಯಾಗಿ ತುರುಕಿದ್ದಾರೆ. ಹೇಗೆ ಹಾಕಬೇಕೆಂದು ತೋರಿಸುತ್ತೇನೆ, ನೋಡಿ' ಎಂದರು ನನ್ನ ಕಡೆ ತಿರುಗಿ.

ಹಾಕುವುದನ್ನು ಚೆನ್ನಾಗಿಯೇ ಹಾಕಿದರು. ಎರಡು ಬೆರಳಲ್ಲಿ ಹೂವಿನ ಎಸಳು ಹಿಡಿದಂತೆ ಹಿಡಿದು, ನೇರವಾಗಿ, ಕೂದಲೆಳೆಯಷ್ಟೂ ಓರೆಯಿಲ್ಲದೆ. ಯಂತ್ರ ಪಿನ್ ಕೇಳಿತು, ಮೊತ್ತ ಕೇಳಿತು, ನಿರೀಕ್ಷಿಸಿ ಎಂದಿತು, ನೋಟು ಎಣಿಸಿತು, ಕಪ್ಪಾಯಿತು.

ಜುಬ್ಬದವರು ಮೊದಲು ಯಂತ್ರದ ತಲೆಗೆ ಕುಟ್ಟಿದರು. ಆಮೇಲೆ ಕಾಲಿನಿಂದ ಒದ್ದರು. ಆಮೇಲೆ, ನನ್ನ ದುಡ್ಡು, ನನ್ನ ಪಿಂಚಣಿ, ನನ್ನ ಕಾರ್ಡು ಎಂದು ಕೂಗಿದರು. ಯಾವುದು ನಮ್ಮದು ಎಂಬ ಪ್ರಶ್ನೆಯನ್ನು ನೆನಪಿಸುವ ಧೈರ್ಯ ನನಗೆ ಬರಲಿಲ್ಲ. ಕಾವಲುಗಾರ ಕುರ್ಚಿಗೆ ಹಿಂತಿರುಗಿ ಸೀಲಿಂಗ್ ನೋಡತೊಡಗಿದ.

ಆ ನಿಶ್ಶಬ್ದದಲ್ಲಿ ನನ್ನ ಜೇಬು ಮತ್ತೆ ಬಾಯಿಬಿಟ್ಟಿತು. ಕೊತ್ತಂಬರಿಯ ಜೊತೆಗೆ ಪುದೀನವೂ ಬೇಕಾಗಿತ್ತಂತೆ. ಈ ಸಲ ಯಾರೂ ಹಾಡಿನ ಅರ್ಥ ಕೇಳಲಿಲ್ಲ.